ಬದನೆಯ ಪರದೇಶಿ ಹೆಸರು

ನಮ್ಮೂರಿನಲ್ಲಿ ಗಿಡಗಳನ್ನು ಹೆಸರು ಹಿಡಿದು ಕರೆಯಬೇಕು. ಕರೆಯದಿದ್ದರೆ ತರಕಾರಿ ಗಿಡ ಹೂವಿನಲ್ಲೇ ನಿಲ್ಲುತ್ತದೆ, ಹೂವಿನ ಗಿಡ ಮೊಗ್ಗಿನಲ್ಲೇ ನಿಲ್ಲುತ್ತದೆ. ಗೊಬ್ಬರ ಹಾಕಿ, ನೀರು ಹೊಯ್ಯಿರಿ, ಕೈ ಮುಗಿಯಿರಿ, ಏನೂ ನಡೆಯುವುದಿಲ್ಲ. ಹೊರ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ಅತ್ತೆ ಕೆಲವು ದಿನ ಬರಿಯ ಗಂಜಿ ಬಡಿಸಿದ ಮೇಲೆ ಅವರೂ ಹಿತ್ತಿಲಿಗೆ ಹೋಗಿ "ಹೀರೇ, ಏ ಹೀರೇ" ಎಂದು ಕೂಗುವುದನ್ನು ಕಲಿಯುತ್ತಾರೆ.

ದೊಡ್ಡ ತೋಟದವರಿಗೆ, ಕೂಗಲು ಪುರುಸೊತ್ತಿಲ್ಲದವರಿಗೆ, ಗಂಡಸಾಗಿ ಒಂದು ಬದನೆ ಗಿಡವನ್ನು ಬೇಡಿಕೊಳ್ಳುವುದು ಹೇಗೆ ಎಂದು ನಾಚುವವರಿಗೆ ನಾನಿದ್ದೇನೆ. ನನ್ನ ಹೆಸರು ಗುಲಾಬಿ. ಬೆಳಗಾಗುತ್ತಲೇ ನದಿಯ ದಂಡೆಯ ತೋಟಗಳಲ್ಲಿ ಕೂಗುತ್ತಾ ಹೋಗುವುದು ನನ್ನ ಕೆಲಸ. ನನ್ನ ಅಮ್ಮನೂ ಇದನ್ನೇ ಮಾಡುತ್ತಿದ್ದಳು. ಬೆಂಡೆ ಸಾಧು, ಅರ್ಧ ಹೆಸರಿಗೇ ತಿರುಗುತ್ತದೆ. ಹಾಗಲವನ್ನು ಸ್ವಲ್ಪ ಬೈದು ಕರೆಯಬೇಕು. ತೊಂಡೆಗೆ ಕಿವಿ ಮಂದ. ಎಲ್ಲಕ್ಕಿಂತ ಕಷ್ಟ ಬದನೆ. ತೊಟ್ಟಿನಲ್ಲೇ ಕಿರೀಟ ಇಟ್ಟುಕೊಂಡು ಹುಟ್ಟಿದ ಜಾತಿ ಅದು, ಒಂದು ಕೂಗಿಗೆ ಅಲುಗುವುದಿಲ್ಲ. ಎದೆಯಿಂದ ಕರೆಯಬೇಕು, ಕೊನೆಯ ಅಕ್ಷರವನ್ನು ನದಿಯಾಚೆಗೆ ಮುಟ್ಟುವ ಹಾಗೆ ಎಳೆಯಬೇಕು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಒಂದು ಬೆಳಿಗ್ಗೆ ಎದ್ದು ಬೆಕ್ಕನ್ನು ಗದರಿಸಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಮೆಣಸಿನ ಕಷಾಯ, ಜೇನು, ಶುಂಠಿ ಯಾವುದಕ್ಕೂ ಬಗ್ಗಲಿಲ್ಲ. ಸರಿಯಿಲ್ಲದ ಹೊತ್ತು ಅದು. ತರಕಾರಿ ಬೆಳೆಯುವವರ ಮುಖಂಡರಾದ ದುಗ್ಗಣ್ಣ ಗುರಿಕಾರರು ಮಗಳು ವಾರಿಜಳ ಮದುವೆಗೆಂದು ನದಿಯ ಪಕ್ಕದ ಇಡೀ ಗದ್ದೆಗೆ ಬದನೆ ಹಾಕಿಸಿದ್ದರು. ನಮ್ಮಲ್ಲಿ ಬೀಗರ ಎಲೆಗೆ ಬದನೆಯ ಎಣ್ಣೆಗಾಯಿ ಬೀಳದಿದ್ದರೆ ಬೀಗರು ಎಲೆಗೆ ಕೈ ಹಾಕುವುದಿಲ್ಲ. ಕೈ ಹಾಕದೆ ಎದ್ದು ಹೋದ ಬೀಗರ ಕಥೆಗಳನ್ನು ಅಜ್ಜಿಯಂದಿರು ಈಗಲೂ ಹೇಳುತ್ತಾರೆ. ಆ ಗದ್ದೆಯನ್ನು ಕೂಗಿಸುವ ಕೆಲಸ ನನ್ನದು. ಗಂಟಲು ಹೋಯಿತೆಂದು ಗುರಿಕಾರರಿಗೆ ತಿಳಿದರೆ ಬೇರೆ ಯಾರನ್ನೋ ಹಿಡಿಯುತ್ತಿದ್ದರು, ಅಲ್ಲಿಗೆ ನನ್ನ ಅನ್ನ ಹೋದಂತೆಯೇ.

ಕಾರ್ಮಿನ್ ಬಾಯಿಯ ಬೇಕರಿಯಲ್ಲಿ ಒಲೆ ಯಾವಾಗಲೂ ಉರಿಯುತ್ತಿರುತ್ತದೆ. ಬಿಸಿನೀರಿನ ಹಬೆ ತೆಗೆದುಕೊಳ್ಳೋಣ ಎಂದು ಅಲ್ಲಿಗೆ ಹೋದೆ. ಊರವರೆಲ್ಲ ಬಾಯಿ ಎಂದೇ ಕರೆಯುವ ಅವಳು ನನಗಿಂತ ಹಿರಿಯವಳು, ವಿಧವೆ. ಅವಳ ಅಜ್ಜನ ಅಜ್ಜಂದಿರು ಪೋರ್ಚುಗೀಸರ ಹಡಗಿನಲ್ಲಿ ಬಂದವರಂತೆ. ಆ ಹಡಗಿನ ಗಾತ್ರ ಅವಳು ಹೇಳಿದ ಸಲವೆಲ್ಲ ದೊಡ್ಡದಾಗುತ್ತಿತ್ತು. ಅವಳ ಜಗಲಿಯಲ್ಲಿ ಒಬ್ಬ ಅರಬ ಕುಳಿತು ಈರುಳ್ಳಿ ಹೆಚ್ಚುತ್ತಿದ್ದ. ಅರ್ಧ ನರೆತ ಗಡ್ಡ, ಅಗಲವಾದ ಕೈ, ಕಣ್ಣಿನಲ್ಲಿ ಈರುಳ್ಳಿಯ ನೀರು.

"ಇವ ಮಬ್ರೂಕ್," ಎಂದಳು ಬಾಯಿ. "ಕಂಬ ಮುರಿದು ನಿಂತಿದೆಯಲ್ಲಾ, ಆ ಹಡಗಿನ ಅಡುಗೆಯವ. ರಿಪೇರಿ ಆಗುವವರೆಗೆ ನನ್ನಲ್ಲಿ ಇರ್ತಾನೆ. ಕೆಲಸ ಮಾಡ್ತಾನೆ, ಆದರೆ ಬಾಯಿ ಮುಚ್ಚುದಿಲ್ಲ ಮಾರಾಯ್ತಿ."

ನಾನು ಕೈಸನ್ನೆಯಲ್ಲಿ ಗಂಟಲು ತೋರಿಸಿದೆ. ನದಿಯ ಕಡೆ ಕೈ ಮಾಡಿದೆ. ನನ್ನ ಪಾಡನ್ನು ಬಾಯಿ ಅವನಿಗೆ ಬಿಡಿಸಿ ಹೇಳಿದಳು. ಅವನು ನಮ್ಮ ಕರಾವಳಿಗೆ ಹಲವು ಸಲ ಬಂದವನು, ಬಂದರಿನ ಕನ್ನಡ ಅವನಿಗೆ ಬರುತ್ತಿತ್ತು. ಚಾಕು ಕೆಳಗಿಟ್ಟು ಎದ್ದ.

"ಕೂಗುದು ತಾನೇ? ನಾನು ಕೂಗ್ತೇನೆ. ಹಡಗಲ್ಲಿ ಬಿರುಗಾಳಿಯ ನಡುವೆ ಊಟಕ್ಕೆ ಕರೆದ ಗಂಟಲು ಇದು. ನೀನು ಬೆರಳು ತೋರಿಸು, ಸಾಕು."

ಮರುದಿನ ಬೆಳಿಗ್ಗೆ ನಾನು ಮುಂದೆ, ಅವನು ಹಿಂದೆ. ಬೆಂಡೆ, ಹೀರೆ, ಹಾಗಲಗಳ ಹೆಸರನ್ನು ಬಾಯಿ ಕಲಿಸಿದ್ದಳು, ತಪ್ಪುತಪ್ಪಾಗಿ ಕರೆದ, ನಡೆದುಹೋಯಿತು. ಗುರಿಕಾರರ ಗದ್ದೆಗೆ ಬಂದಾಗ ಮಾತ್ರ ಅವನು ನಿಂತುಬಿಟ್ಟ. ಸಾಲುಸಾಲಾಗಿ ನೇರಳೆ ಹೂವು. ಪರದೇಶದಲ್ಲಿ ಊರಿನವರನ್ನು ಕಂಡವರ ಮುಖ ಅರಳುತ್ತದಲ್ಲ, ಹಾಗೆ ಅವನ ಮುಖ ಅರಳಿತು. ನಾನು ಬೆರಳು ತೋರಿಸುವ ಮೊದಲೇ ಎರಡೂ ಕೈ ತುಟಿಯ ಸುತ್ತ ಇಟ್ಟು ಕರೆದ.

"ಬಾದಿಂಜಾನ್! ಯಾ ಬಾದಿಂಜಾನ್!"

ನಾನು ತಲೆಯ ಮೇಲೆ ಕೈ ಹೊತ್ತೆ. ಗಿಡಗಳು ಅಲುಗಲಿಲ್ಲ. ಆಮೇಲೆ ಮೊದಲ ಸಾಲಿನ ಒಂದು ಗಿಡ ನಿಧಾನವಾಗಿ ಅವನ ಕಡೆ ತಿರುಗಿತು. ಅದರ ಪಕ್ಕದ್ದು ತಿರುಗಿತು. ಗದ್ದೆಗೆ ಗದ್ದೆಯೇ ತಿರುಗಿತು. ಎರಡು ದಿನ ಕಳೆಯುವಷ್ಟರಲ್ಲಿ ಹೂವು ಉದುರಿ ಕಾಯಿ ಕಟ್ಟಿತು. ಅಂಥ ಕಾಯಿಯನ್ನು ನಾನು ಕಂಡಿರಲಿಲ್ಲ: ಉರುಟು, ಕರಿನೇರಳೆ, ಮುಖ ನೋಡಿಕೊಳ್ಳುವಷ್ಟು ಹೊಳಪು. ಕತ್ತರಿಸಿದರೆ ಬೆಣ್ಣೆ.

ಸುದ್ದಿ ಮುಚ್ಚಿಡುವ ಊರಲ್ಲ ನಮ್ಮದು. ಬಾದಿಂಜಾನ್ ಎಂದು ಕರೆದರೆ ಬದನೆ ದೊಡ್ಡದಾಗುತ್ತದೆ ಎಂಬುದು ಸಂತೆಯಲ್ಲಿ ಹರಡಿತು. ಹಿತ್ತಿಲುಹಿತ್ತಿಲುಗಳಲ್ಲಿ ಅಜ್ಜಿಯರು ಹಲ್ಲಿಲ್ಲದ ಬಾಯಿಯಲ್ಲಿ "ಬಾದಿಂದಾನ್, ಬಾದಿಂದಾನ್" ಎಂದು ಶುರು ಮಾಡಿದರು. ಕಾರ್ಮಿನ್ ಬಾಯಿಗೆ ಇದು ಸಹಿಸಲಾಗಲಿಲ್ಲ. "ಹಾಗಾದ್ರೆ ನಮ್ಮ ಅಜ್ಜಿ ಹೇಳುತ್ತಿದ್ದದ್ದು ಏನು ಕಡಿಮೆಯಾ?" ಎಂದು ತನ್ನ ಬೇಲಿಯ ಬದಿಯ ಗಿಡಗಳನ್ನು "ಬೆರಿಂಜೆಲಾ" ಎಂದು ಕರೆದಳು. ಅವಳಲ್ಲಿ ಉದ್ದುದ್ದ, ತೆಳ್ಳನೆಯ, ನಡು ಬಳುಕಿಸುವ ಕಾಯಿ ಬಂತು. ಸುಂಕದ ಕಟ್ಟೆಯ ಗುಮಾಸ್ತ ತನ್ನ ಇಂಗ್ಲಿಷ್ ಸಾಹೇಬರಿಂದ ಕಲಿತ "ಬ್ರಿಂಜಾಲ್" ಎಂಬುದನ್ನು ಕುಂಡದ ಗಿಡಕ್ಕೆ ಹೇಳಿದ. ಅದು ಒಂದೇ ಅಳತೆಯ ಕಾಯಿಗಳನ್ನು ಸಾಲಾಗಿ ಬಿಟ್ಟಿತು, ರುಚಿ ಮಾತ್ರ ಇರಲಿಲ್ಲ. ಹಳೆಯ ಹೆಸರಿಗೆ ಯಾವ ಗಿಡವೂ ತಿರುಗದಂತಾಯಿತು. ಒಮ್ಮೆ ಪರದೇಶಿ ಹೆಸರು ಕೇಳಿದ ಬದನೆ "ಬದನೇ" ಎಂದರೆ ಪಕ್ಕದ ಮನೆಯವರನ್ನು ಕರೆದಂತೆ ಸುಮ್ಮನಿರುತ್ತಿತ್ತು.

ಗುರಿಕಾರರಿಗೆ ಇದರಲ್ಲಿ ಬೇರೆಯೇ ಸಂಕಟ. ಮೊದಲು ಅವರ ಗದ್ದೆಯಲ್ಲಿ ಮಾತ್ರ ಇದ್ದ ಕಾಯಿ ಈಗ ಎಲ್ಲರ ಹಿತ್ತಿಲಲ್ಲಿತ್ತು. ಮಗಳ ಮದುವೆಗೆ ಊರಿಗೆಲ್ಲ ಇರುವ ಬದನೆ ಬಡಿಸಿದರೆ ಗುರಿಕಾರಿಕೆಗೆ ಏನು ಮರ್ಯಾದೆ? ಒಂದು ಸಂಜೆ ಬೇಕರಿಗೆ ಬಂದು, ಪಾವು ರೊಟ್ಟಿ ಕೊಳ್ಳುವವರಂತೆ ನಿಂತು, ಮಬ್ರೂಕನನ್ನು ಬದಿಗೆ ಕರೆದರು. ನಾನು ಒಲೆಯ ಹಿಂದೆ ಹಬೆ ತೆಗೆದುಕೊಳ್ಳುತ್ತಿದ್ದೆ, ಎಲ್ಲವೂ ಕೇಳಿಸಿತು.

"ನೋಡು ಮಾರಾಯಾ, ನೀನು ನಾಕು ದೇಶ ಸುತ್ತಿದವ. ಯಾರಲ್ಲೂ ಇಲ್ಲದ ಒಂದು ಹೆಸರು ನಂಗೆ ಕೊಡು. ಕೇಳಿದವರು ಬಾಯಿ ಬಿಡಬೇಕು."

"ಯಾರಲ್ಲೂ ಇಲ್ಲದ್ದಾ?"

"ಯಾರಲ್ಲೂ."

ಮಬ್ರೂಕ್ ಗಡ್ಡ ತುರಿಸಿಕೊಂಡ. ಅವನ ಕಣ್ಣು ಒಲೆಯ ಹಿಂದೆ ಇದ್ದ ನನ್ನನ್ನು ಹುಡುಕಿ ಹಿಡಿಯಿತು. "ಮೆಲಂಜಾನಾ," ಎಂದ.

ಗುರಿಕಾರರು ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ನೋಡಿದರು, ತೃಪ್ತಿಯಾಯಿತು. ಗದ್ದೆಯನ್ನು ತಾವೇ ಕೂಗುತ್ತೇವೆ, ಇನ್ನು ಯಾರೂ ಬರಬೇಕಾಗಿಲ್ಲ ಎಂದು ಹೇಳಿ ಹೋದರು. ಅವರು ಹೋದ ಮೇಲೆ ಮಬ್ರೂಕ್ ಜಗಲಿಯಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ದೇಶದಲ್ಲಿ ಜನ ಅವನ ಶಬ್ದದ ಮೊದಲ ಅಕ್ಷರವನ್ನು ಬದಲಾಯಿಸಿದ್ದರಂತೆ. ಆಮೇಲೆ ಅವರಿಗೆ ಅದರಲ್ಲಿ ತಮ್ಮ ಭಾಷೆಯ 'ಹುಚ್ಚು ಹಣ್ಣು' ಎಂಬ ಮಾತು ಕೇಳಿಸಿತಂತೆ. ತಿಂದರೆ ಮಂಡೆ ಕೆಡುತ್ತದೆ ಎಂದು ಹೆದರಿದವರೂ ಇದ್ದರಂತೆ.

"ಹುಚ್ಚ ಅಂತ ಕರೆದ್ರೆ ಗಿಡ ಏನು ಮಾಡ್ತದೆ, ನಂಗೂ ನೋಡಬೇಕು," ಎಂದ.

ಗಿಡ ಹೆಸರಿಗೆ ತಕ್ಕ ಹಾಗೆ ಮಾಡಿತು. ಕೆಲವು ಕಾಯಿಗೆ ಮೂಗು ಬಂತು, ಕೆಲವಕ್ಕೆ ಕೊಂಬು. ಒಂದು ಕಾಯಿ ಇನ್ನೊಂದನ್ನು ಅರ್ಧ ನುಂಗಿ ಕುಳಿತಿತ್ತು. ಬಳ್ಳಿಯಲ್ಲದ ಬದನೆ ಬೇಲಿ ಹತ್ತಿ, ಗುರಿಕಾರರ ಬಚ್ಚಲುಮನೆಯ ಮಾಡಿಗೆ ಏರಿ, ಹಂಚಿನ ಮೇಲೆ ಕಾಯಿ ಬಿಟ್ಟು, ಅವರು ಮೀಯಲು ಹೋದಾಗಲೇ ಧಡಧಡ ಉರುಳಿಸತೊಡಗಿತು. ಇಷ್ಟಾದರೂ ಗುರಿಕಾರರು ಛಲ ಬಿಡದೆ ಆ ಕಾಯಿಯ ಸಾಂಬಾರು ಮಾಡಿಸಿದರು. ಉಂಡ ಆಳುಗಳು ಊಟದ ನಡುವೆ ಕಾರಣವಿಲ್ಲದೆ ನಗತೊಡಗಿದರು. ಗುರಿಕಾರರ ಹೆಂಡತಿ ಒಂದು ಸುತ್ತು ಬಡಿಸಿಕೊಂಡು ಉಂಡು, ಮದುವೆಯಾದ ದಿನದಿಂದ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಗಂಡನ ಎಲೆಯ ಮುಂದೆ ನಿಂತು ಹೇಳಿದರು. ಅಡುಗೆಮನೆಯ ಕಿಟಕಿ ತೆರೆದಿತ್ತು. ನೆರೆಯವರು ತಮ್ಮ ಊಟ ಆರಿಹೋದರೂ ಎದ್ದು ಹೋಗಲಿಲ್ಲ.

ಮರುದಿನವೇ ಗುರಿಕಾರರು ಚಾವಡಿಯಲ್ಲಿ ಊರನ್ನು ಸೇರಿಸಿದರು. ಮಬ್ರೂಕನನ್ನು ನಡುವೆ ನಿಲ್ಲಿಸಿದರು. ನನ್ನ ಗಂಟಲು ಅಷ್ಟು ಹೊತ್ತಿಗೆ ಸ್ವಲ್ಪ ತೆರೆದಿತ್ತು, ಆದರೆ ನನ್ನ ಮಾತನ್ನು ಯಾರೂ ಕೇಳಲಿಲ್ಲ.

"ಇವ ಬರುವ ಮೊದಲು ನಮ್ಮಲ್ಲಿ ಬದನೆ ಇತ್ತು, ಮರ್ಯಾದೆಯೂ ಇತ್ತು," ಎಂದರು ಗುರಿಕಾರರು. "ಹಡಗಲ್ಲಿ ಬಂದ ಶಬ್ದ ಹಡಗಲ್ಲೇ ಹೋಗ್ಲಿ. ಇವನೂ ಹೋಗ್ಲಿ."

ಮಬ್ರೂಕ್ ತಾಳ್ಮೆಯಿಂದ ಕೈ ಎತ್ತಿದ. "ಗುರಿಕಾರ್ರೇ, ಆ ಶಬ್ದ ನಮ್ಮದಲ್ಲ. ನಂಗೆ ಅಡುಗೆ ಕಲಿಸಿದ ಉಸ್ತಾದ್ ಹೇಳಿದ್ದು: ನಾವು ಅದನ್ನು ಪಾರಸಿಯವರಿಂದ ತಗೊಂಡದ್ದು. ಅವರು 'ಬಾದಿಂಗಾನ್' ಅಂತಿದ್ರು. ಅವರಿಗೆ ಕೊಟ್ಟದ್ದು ಈ ಕಡೆಯವರು. ಹಿಂದೂಸ್ತಾನದವರು. ಕಾಯಿ ಹೋಯಿತು, ಹೆಸರೂ ಅದರ ಜೊತೆ ಹೋಯಿತು. ನಾವು ಅದಕ್ಕೆ 'ಅಲ್' ಸೇರಿಸಿ ಪಶ್ಚಿಮಕ್ಕೆ ಕೊಂಡುಹೋದೆವು. ಈ ಬಾಯಿಯ ಅಜ್ಜಂದಿರ ಊರಲ್ಲಿ ಅದು ಬೆರಿಂಜೆಲಾ ಆಯ್ತು. ಅವರ ಪಕ್ಕದವರು ಬೇರೆ ಹಾಗೆ ಹೇಳಿದ್ರು, ಅದರ ಪಕ್ಕದವರು ಇನ್ನೊಂದು ಹಾಗೆ. ಮತ್ತೆ ಬಾಯಿಯ ಹಡಗಲ್ಲೇ ಇಲ್ಲಿಗೆ ವಾಪಸ್ ಬಂತು. ಸಾಹೇಬರು ಅದರ ಬಾಲ ಕತ್ತರಿಸಿ ಬ್ರಿಂಜಾಲ್ ಮಾಡಿದ್ರು. ಎಲ್ಲ ಒಂದೇ."

ಚಾವಡಿಯಲ್ಲಿ ಗುಜುಗುಜು ಎದ್ದಿತು. ಇದನ್ನು ಕೇಳಿ ಗುರಿಕಾರರು ಮೆತ್ತಗಾಗುತ್ತಾರೆ ಎಂದು ಮಬ್ರೂಕ್ ಎಣಿಸಿದ್ದ. ಅವರು ತೊಡೆ ತಟ್ಟಿ ಎದ್ದರು.

"ಕೇಳಿದ್ರಲ್ಲಾ? ನಮ್ಮದೇ ಅಂತೆ! ನಮ್ಮ ಶಬ್ದ ಕದ್ದುಕೊಂಡು ಹೋಗಿ, ಹಾಳು ಮಾಡಿ, ನಮಗೇ ತಂದು ಮಾರುದು! ಇನ್ನು ಈ ಊರಲ್ಲಿ ಹಡಗಲ್ಲಿ ಬಂದ ಒಂದು ಹೆಸರೂ ಕೂಗಬಾರ್ದು. ಒಂದೂ!"

"ಒಂದೂ?" ಎಂದಳು ಕಾರ್ಮಿನ್ ಬಾಯಿ, ಕಂಬಕ್ಕೆ ಒರಗಿದಲ್ಲಿಂದಲೇ. "ಹಾಗಾದ್ರೆ ಬಟಾಟೆ? ಅನಾನಸು? ಪಪ್ಪಾಯಿ? ಅದೆಲ್ಲ ನಮ್ಮ ಅಜ್ಜಂದಿರ ಹಡಗಲ್ಲೇ ಬಂದದ್ದಲ್ವಾ ಗುರಿಕಾರ್ರೇ?"

ಊಟವಾದ ಮೇಲೆ ಒಂದು ಹೋಳು ಪಪ್ಪಾಯಿ ತಿನ್ನದಿದ್ದರೆ ಗುರಿಕಾರರಿಗೆ ಮಧ್ಯಾಹ್ನದ ನಿದ್ದೆ ಬರುವುದಿಲ್ಲವೆಂದು ಇಡೀ ಊರಿಗೆ ಗೊತ್ತು. ಆದರೆ ಅಷ್ಟು ಜನರೆದುರು ಹಿಂದೆ ಸರಿಯುವುದು ಹೇಗೆ? "ಎಲ್ಲಾ," ಎಂದರು. "ಎಲ್ಲದಕ್ಕೂ ನಾವು ಬೇರೆ ಹೆಸರು ಇಡುವ."

ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮಬ್ರೂಕನಿಗೆ ಬಾಯಿ ಮುಚ್ಚಲು ಬರುವುದಿಲ್ಲವೆಂದು ಮೊದಲ ದಿನವೇ ಕಾರ್ಮಿನ್ ಬಾಯಿ ಹೇಳಿದ್ದಳು. "ಗುಲಾಬಿ ಕೂಡ ಪಾರಸಿ," ಎಂದ, ಏನೋ ಉಡುಗೊರೆ ಕೊಡುವವನಂತೆ ನನ್ನ ಕಡೆ ನೋಡಿ. "ಗುಲ್ ಅಂದ್ರೆ ಹೂವು, ಆಬ್ ಅಂದ್ರೆ ನೀರು. ಬಹಳ ಚಂದದ ಹೆಸರು."

ಚಾವಡಿಯ ಕಣ್ಣೆಲ್ಲ ನನ್ನ ಮೇಲೆ ಬಿತ್ತು.

ಆ ಸಂಜೆಯೇ ಹಿರಿಯರು ಕೂತು ಹೆಸರು ಕಟ್ಟಿದರು. ಬಟಾಟೆ ಮಣ್ಣುಂಡೆಯಾಯಿತು. ಪಪ್ಪಾಯಿ ಹಾಲುಮರದ ಕಾಯಿ. ಅನಾನಸು ಜಟೆಹಣ್ಣು. ಗುಲಾಬಿ ಹೂವಿಗೆ ಮುಳ್ಳುಹೂವು ಎಂದು ಇಟ್ಟು, ಅದೇ ಉಸಿರಿನಲ್ಲಿ ನನಗೂ ಇಟ್ಟರು. ಮರುದಿನದಿಂದ ನಾನು ಮುಳ್ಳಕ್ಕ. ಮಬ್ರೂಕ್ ಹಡಗು ಹೊರಡುವವರೆಗೆ ಬಂದರಿನ ಧಕ್ಕೆ ಬಿಟ್ಟು ಊರೊಳಗೆ ಬರಬಾರದೆಂದು ಅಪ್ಪಣೆಯಾಯಿತು. ನಾನು ಧಕ್ಕೆಗೆ ಹೋಗಿ, ಇದ್ದಷ್ಟು ಗಂಟಲಿನಲ್ಲಿ ಅವನಿಗೆ ಬೈದು ಬಂದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, "ಗಂಟಲು ಸರಿಯಾಗ್ತಾ ಉಂಟು, ಒಳ್ಳೇದಾಯ್ತು," ಎಂದ.

ಹೊಸ ಹೆಸರಿಗೆ ಯಾವ ಗಿಡವೂ ಕಿವಿಗೊಡಲಿಲ್ಲ. ಪಪ್ಪಾಯಿ ಮರಗಳು ಹೂವಿನಲ್ಲೇ ನಿಂತವು. ಮಣ್ಣುಂಡೆ ಎಂದು ಕೂಗಿ ಅಗೆದವರಿಗೆ ನಿಜವಾಗಿಯೂ ಮಣ್ಣಿನ ಉಂಡೆಯೇ ಸಿಕ್ಕಿತು. ನಮ್ಮ ಕೇರಿಯ ಪಾಗಾರದ ಗೋಡೆಗಳ ಮೇಲೆ ಗುಲಾಬಿ ಗಿಡಗಳು ಮೈತುಂಬ ಮೊಗ್ಗು ಹೊತ್ತು, ಬಿಗಿದ ತುಟಿಯಲ್ಲಿ ನಿಂತುಬಿಟ್ಟವು. ಬದನೆಯಂತೂ ಹಳೆಯ ಹೆಸರನ್ನು ಪೂರ್ತಿ ಮರೆತಿತ್ತು. ನನ್ನ ಗಂಟಲು ಚೆನ್ನಾಗಿ ತೆರೆದ ಮೇಲೆ ನಾನೇ ಗದ್ದೆಯ ಬದುವಿನಲ್ಲಿ ನಿಂತು ಎದೆಯಿಂದ ಕರೆದೆ, ಒಂದು ಎಲೆ ಅಲುಗಲಿಲ್ಲ. ಅಮ್ಮ ಕಲಿಸಿದ ಕೂಗು ಅದು.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಯಾರಾದರೂ ಬಂದು "ಮುಳ್ಳಕ್ಕಾ" ಎಂದರೆ ತಿರುಗಲಿಲ್ಲ. ತೊಂಡೆ ಕೂಗಬೇಕಿತ್ತು ಮುಳ್ಳಕ್ಕ, ಹಾಗಲ ಸೊರಗಿದೆ ಮುಳ್ಳಕ್ಕ. ನಾನು ಅಕ್ಕಿಯ ಕಲ್ಲು ಆರಿಸುತ್ತಾ ಕುಳಿತೆ. ಊರಿನ ಗಿಡಗಳೆಲ್ಲ ತಮ್ಮ ಹೆಸರಿಗೆ ಕಾಯಬಹುದಾದರೆ ನಾನು ಕಾಯಬಾರದೇ? ಹಟ ಎಂದರು. ಹಟವೇ.

ಒಂದು ದಿನ ಮದುಮಗಳು ವಾರಿಜ ಹಿಂಬಾಗಿಲಿನಿಂದ ಬಂದಳು. ಅಪ್ಪನ ಮೂಗು, ಅಮ್ಮನ ನಾಲಿಗೆ ಆ ಹುಡುಗಿಗೆ.

"ಮುಳ್ಳಕ್ಕ ಅನ್ಲಿಕ್ಕೆ ನಂಗೆ ನಾಲಿಗೆ ಬರುದಿಲ್ಲ. ಇನ್ನೊಂದು ಅನ್ಲಿಕ್ಕೆ ಅಪ್ಪ ಬಿಡುದಿಲ್ಲ. ಸುಮ್ಮನೆ ಕೂತು ಮಾತಾಡ್ತೇನೆ, ಆಯ್ತಾ?" ಎಂದು ನನ್ನೆದುರು ಕುಳಿತು ಅಕ್ಕಿಗೆ ಕೈ ಹಾಕಿದಳು. "ಹುಡುಗನ ತಾಯಿ ಹೇಳಿ ಕಳಿಸಿದ್ದಾರೆ. ಎಣ್ಣೆಗಾಯಿಗೆ ನೇರಳೆ ಬದನೆಯಾ, ಹಸಿರು ಬದನೆಯಾ ಅಂತ ಕೇಳಿದ್ದಾರೆ. ಅಪ್ಪ ಆ ಮಾತು ಕೇಳಿದಾಗಿನಿಂದ ಹೊಲದಲ್ಲಿ ಓಡಾಡ್ತಾ ಇದ್ದಾರೆ. ಮೂಗಿದ್ದ ಕಾಯಿ ಬಡಿಸಿದರೆ ಬೀಗರು ನಮ್ಮನ್ನೇ ಅಣಕಿಸಿದ್ದು ಅಂತ ತಿಳೀತಾರೆ. ಆ ಮನೆಯವರ ಮೂಗು ನೀವು ನೋಡಿದ್ದೀರಾ?"

ನನಗೆ ನಗು ತಡೆಯಲಾಗಲಿಲ್ಲ. "ಅಪ್ಪನ ಹತ್ರ ಹೇಳು," ಎಂದೆ. "ಬದನೆಯನ್ನು ಸರಿ ದಾರಿಗೆ ತರಬಹುದು. ಆದರೆ ಅವರು ಇಲ್ಲಿಗೆ ಬಂದು, ನನ್ನನ್ನು ಹೆಸರು ಹಿಡಿದು ಕರೀಬೇಕು."

ಎರಡು ದಿನ ಕಳೆದು, ಬಿಸಿಲು ಇಳಿಯುವ ಹೊತ್ತಿಗೆ ಗುರಿಕಾರರು ಬಂದರು. ಹೆಗಲ ಮೇಲೆ ಜರಿಯ ಶಾಲು. ಕೇರಿಯ ಬಾಗಿಲುಗಳೆಲ್ಲ ಒಂದು ಬೆರಳಿನಷ್ಟು ತೆರೆದುಕೊಂಡವು. ನಾನು ಅಂಗಳಕ್ಕೆ ಬೆನ್ನು ಹಾಕಿ ಕುಳಿತೆ.

"ಮುಳ್ಳಕ್ಕಾ," ಎಂದರು.

ನಾನು ಅಕ್ಕಿ ಕೇರಿದೆ.

"ಏ ಮಾರಾಯ್ತಿ."

ಅಕ್ಕಿ ಕೇರಿದೆ.

ಅವರು ಗೇಟಿನ ಒಳಗೆ ಬಂದು, ಅತ್ತಿತ್ತ ನೋಡಿ, ಗೋಡೆಗೆ ಗುಟ್ಟು ಹೇಳುವವರಂತೆ "ಗುಲಾಬಿ" ಎಂದರು.

"ಯಾರೋ ಏನೋ ಅಂದ ಹಾಗಾಯ್ತು," ಎಂದು ನಾನು ಬೆಕ್ಕಿಗೆ ಹೇಳಿದೆ.

ಗುರಿಕಾರರಿಗೆ ರೇಗಿತು. ಅವರದೂ ಹೊಲದಲ್ಲಿ ಆಳುಗಳನ್ನು ಕರೆದು ಪಳಗಿದ ಗಂಟಲು. ಎದೆ ತುಂಬ ಗಾಳಿ ಎಳೆದುಕೊಂಡು ಕೇರಿ ಬಿರಿಯುವ ಹಾಗೆ ಕೂಗಿದರು: "ಗುಲಾಬೀ!"

ನಾನು ತಿರುಗಿದೆ. ನಾನೊಬ್ಬಳೇ ತಿರುಗಲಿಲ್ಲ. ಪಾಗಾರಗಳ ಮೇಲೆ ಅಷ್ಟು ದಿನ ಬಿಗಿದು ನಿಂತಿದ್ದ ಮೊಗ್ಗುಗಳು ಪಟಪಟನೆ ಬಿಚ್ಚಿಕೊಂಡವು. ಕೇರಿಯ ಆ ತುದಿಯಿಂದ ಈ ತುದಿಯವರೆಗೆ ಕೆಂಪು, ಬಿಳಿ, ತೆಳುಹಳದಿ, ಒಂದರ ಮೇಲೊಂದು. ಪರಿಮಳ ಎಷ್ಟು ಗಟ್ಟಿಯಿತ್ತೆಂದರೆ ಗುರಿಕಾರರು ಸೀನಿದರು. ಬಾಗಿಲುಗಳು ಪೂರ್ತಿ ತೆರೆದವು. ತಾನೇ ಹಾಕಿದ ನಿಷೇಧವನ್ನು ಮುಖಂಡ ತಾನೇ ಮುರಿದದ್ದಕ್ಕೆ ಇಷ್ಟು ಹೂವು ಸಾಕ್ಷಿಯಿರುವಾಗ ಯಾರಿಗೆ ಏನು ಹೇಳುವುದು? ಅವರು ನನ್ನ ಜಗಲಿಯ ಮೇಲೆ ಕುಸಿದು ಕುಳಿತರು.

"ನಂಗೊಂದು ಹೋಳು ಪಪ್ಪಾಯಿ ಸಿಗಬಹುದಾ?" ಎಂದರು.

ಅವರ ಮೇಲೆ ಸಿಟ್ಟು ಉಳಿಯಲಿಲ್ಲ. ಚೊಂಬಿನಲ್ಲಿ ನೀರು, ಒಂದು ತುಂಡು ಬೆಲ್ಲ ಕೊಟ್ಟೆ. "ಪಪ್ಪಾಯಿಯನ್ನು ನಾಳೆ ಕರೀತೇನೆ. ಬದನೆಗೆ ನಂಗೆ ಮಬ್ರೂಕ್ ಬೇಕು, ಕಾರ್ಮಿನ್ ಬಾಯಿ ಬೇಕು," ಎಂದೆ.

"ಅವನಾ? ಅವ ನನ್ನ ಮಗಳ ಮದುವೆ ಹಾಳು ಮಾಡಿದವ."

"ದೂರ ಕರೆದುಕೊಂಡು ಹೋದವನಿಗೇ ದಾರಿ ಗೊತ್ತಿರುದು ಗುರಿಕಾರ್ರೇ."

ನನ್ನ ಯೋಚನೆ ಸರಳವಾಗಿತ್ತು. ಹುಚ್ಚು ಹೆಸರಿಗೆ ಒಗ್ಗಿದ ಗಿಡವನ್ನು ಒಮ್ಮೆಲೇ ಬದನೆ ಎಂದರೆ ತಿರುಗುವುದಿಲ್ಲ. ಬಂದ ದಾರಿಯಲ್ಲೇ ಸ್ವಲ್ಪಸ್ವಲ್ಪವಾಗಿ ವಾಪಸು ನಡೆಸಬೇಕು. ಮೊದಲ ಬೆಳಿಗ್ಗೆ ಮೂವರೂ ಗದ್ದೆಯ ಬದುವಿನಲ್ಲಿ ನಿಂತೆವು. ಮಬ್ರೂಕ್ "ಮೆಲಂಜಾನಾ" ಎಂದು ಕರೆದು ಗಿಡಗಳ ಗಮನ ಹಿಡಿದ. ಅವು ತಿರುಗಿದ ಮೇಲೆ ಕಾರ್ಮಿನ್ ಬಾಯಿ ತನ್ನ ಅಜ್ಜಿಯ ಸ್ವರದಲ್ಲಿ "ಬೆರಿಂಜೆಲಾ" ಎಂದಳು. ಗಿಡಗಳು ಅನುಮಾನಿಸಿದವು. ಮತ್ತೆ ಕರೆದಳು, ಈ ಸಲ ತಿಂಡಿ ತೋರಿಸಿ ಮಗುವನ್ನು ಕರೆದ ಹಾಗೆ. ಬಚ್ಚಲುಮನೆಯ ಮಾಡು ಹತ್ತಿದ್ದ ಕೊಂಬೆಗಳು ನಾಚಿದವರಂತೆ ಕೆಳಗಿಳಿದವು. ಮರುದಿನ ಮಬ್ರೂಕ್ "ಬಾದಿಂಜಾನ್" ಎಂದ. ಕೊಂಬುಗಳು ಉದುರಿದವು. ಅದರ ಮರುದಿನ "ಬಾದಿಂಗಾನ್" ಎಂದು ಪಾರಸಿಯವರ ಹಾಗೆ ಹೇಳಿದ. ಮೂಗುಗಳು ಒಳಗೆ ಹೋದವು.

ಅಲ್ಲಿಗೆ ಅವನ ದಾರಿ ಮುಗಿಯಿತು. ಪಾರಸಿಯಿಂದ ನಮ್ಮ ಬಾಯಿಯವರೆಗೆ ನಡುವೆ ಏನಿತ್ತೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ, ಬಾಯಿಗೆ ಬಂದಂತೆ ಆ ಶಬ್ದವನ್ನು ಸವೆಸಿದೆ. ಬಾದಿಂಗಾನ, ಬಾದಿಂಗನ, ಬಾದನ, ಬದನ. ಪ್ರತಿ ಸಲ ಒಂದು ಸಾಲು ಸ್ವಲ್ಪ ಹೊರಳಿ ಮತ್ತೆ ನಿಲ್ಲುತ್ತಿತ್ತು, ಎಲ್ಲೋ ಕೇಳಿದ ದನಿ, ಎಲ್ಲೆಂದು ನೆನಪಾಗುತ್ತಿಲ್ಲ ಎನ್ನುವವರ ಹಾಗೆ. ಹಿಂದೆ ಗುರಿಕಾರರು 'ಆಯ್ತಾ, ಆಯ್ತಾ' ಎಂದು ಉಸಿರು ಬಿಡುತ್ತಿದ್ದರು. ನಾನು ಎದೆಯಿಂದ "ಬದನೇ" ಎಂದು ಕರೆದು ಕೊನೆಯ ಅಕ್ಷರವನ್ನು ನದಿಯಾಚೆಗೆ ಬಿಟ್ಟೆ.

ಗದ್ದೆ ತಿರುಗಿತು. ಹಿಂದಿನಂತೆ ಜಂಭದಿಂದ, ನಿಧಾನವಾಗಿ, ಆದರೆ ಪೂರ್ತಿ ತಿರುಗಿತು. ನನಗೆ ಅಳು ಬಂತು. ಮಬ್ರೂಕ್ ಹೆಗಲ ಬಟ್ಟೆ ತೆಗೆದು ನನ್ನ ಕೈಗಿಟ್ಟ.

ಮದುವೆಯ ದಿನ ಎಣ್ಣೆಗಾಯಿಯನ್ನು ಅವನೂ ಕಾರ್ಮಿನ್ ಬಾಯಿಯೂ ಸೇರಿ ಮಾಡಿದರು. ದಾರಿಯ ನಡುವೆ ಒಂದೊಂದು ಹೆಸರಿಗೆ ಕಟ್ಟಿದ ಕಾಯಿಗಳು ಗದ್ದೆಯಲ್ಲಿ ಉಳಿದಿದ್ದವು. ಹಾಗಾಗಿ ಒಂದು ಎಲೆಗೆ ಉರುಟು, ಇನ್ನೊಂದಕ್ಕೆ ಉದ್ದ, ಮತ್ತೊಂದಕ್ಕೆ ಹಸಿರುಪಟ್ಟೆ ಬಿತ್ತು. ಬೀಗರು ಮೂಗು ಎತ್ತಿ ನೋಡಿದರು. ಹುಡುಗನ ತಾಯಿ ತನ್ನ ಎಲೆಯ ಕಾಯಿಯನ್ನು ತೋರಿಸಿ ಗುರಿಕಾರರನ್ನು ಕೇಳಿದರು: "ಇದು ಯಾವ ಬದನೆ?"

ಗುರಿಕಾರರು ಅದನ್ನು ಬಗ್ಗಿ ನೋಡಿದರು. ಅದಕ್ಕೆ ತುಸು ಮೂಗಿನ ಅಂಶ ಉಳಿದಿತ್ತು. "ಅದು ಪರದೇಶದಲ್ಲಿ ಓದಿ ಬಂದದ್ದು," ಎಂದರು. ಬೀಗಿತ್ತಿ ಗೌರವದಿಂದ ಇನ್ನೊಂದು ಹಾಕಿಸಿಕೊಂಡರು. ವಾರಿಜ ಮದುಮಗಳ ಗಾಂಭೀರ್ಯ ಬಿಟ್ಟು ನಕ್ಕಳು, ಅವಳಿಗೆ ಹಾರ ಸರಿಪಡಿಸುವ ನೆಪದಲ್ಲಿ ನಾನೂ ನಕ್ಕೆ.

ಗಾಳಿ ತಿರುಗಿತು, ಹಡಗಿನ ಹೊಸ ಕಂಬಕ್ಕೆ ಹಾಯಿ ಕಟ್ಟಿದರು. ಹೊರಡುವ ಹಿಂದಿನ ದಿನ ಮಬ್ರೂಕ್ ನನ್ನ ಜಗಲಿಗೆ ಬಂದ.

"ನನ್ನ ಊರಿಗೆ ಬರ್ತೀಯಾ, ಗುಲಾಬಿ?"

"ಅಲ್ಲಿ ಗಿಡಗಳನ್ನು ಕೂಗುದು ಯಾರು?"

"ಯಾರೂ ಇಲ್ಲ. ಅಲ್ಲಿ ಅವು ತಾವೇ ಕಾಯಿ ಬಿಡ್ತವೆ."

"ಯಾರೂ ಕರೆಯದೆ?"

"ಯಾರೂ ಕರೆಯದೆ."

ಕರೆಯದೆ ಬಂದ ಕಾಯಿಯನ್ನು ಕೊಯ್ಯಲು ನನಗೆ ಕೈ ಬರಲಿಕ್ಕಿಲ್ಲ ಎಂದು ಹೇಳಿದೆ. ಆಯ್ತು, ಎಂದ ಅವನು. ಅವನ ಮುಖ ಸಣ್ಣದಾಯಿತು. ಮರುದಿನ ನಾನು ಧಕ್ಕೆಗೆ ಹೋಗಲಿಲ್ಲ. ತೊಂಡೆ ತೋಟದಲ್ಲಿ ನಿಂತು ಬೇಕಾದ್ದಕ್ಕಿಂತ ಗಟ್ಟಿಯಾಗಿ ಕೂಗುತ್ತಿದ್ದೆ. ತೊಂಡೆಗೆ ಕಿವಿ ಮಂದವಲ್ಲವೇ.

ಆ ವರ್ಷ ಒಳ್ಳೆಯ ಬೆಳೆ ಬಂತು. ಗುರಿಕಾರರು ಹುಟ್ಟಲಿರುವ ಮೊಮ್ಮಗುವಿಗೆ ಹೆಸರು ಹುಡುಕುತ್ತಾ ಊರೆಲ್ಲ ಕೇಳಿ ಬಂದರು, ಯಾವ ಹಡಗಿನ ಹೆಸರಾದರೂ ಆದೀತು, ಚಂದ ಇರಬೇಕು ಎಂದರು. ಕಾರ್ಮಿನ್ ಬಾಯಿ ಸಂಜೆಹೊತ್ತು ಪಾವು ತಂದು ನನ್ನ ಜಗಲಿಯಲ್ಲಿ ಕೂರುತ್ತಿದ್ದಳು. ಹಡಗಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಮುಂದಿನ ಮಳೆಗೆ ಮೊದಲು, ಮೋಡ ಕಟ್ಟುತ್ತಿದ್ದ ಒಂದು ಬೆಳಿಗ್ಗೆ, ನನ್ನ ಹಿತ್ತಿಲಿನ ಬೇಲಿಯ ಆಚೆ ಯಾರೋ ಕೆಮ್ಮಿದರು. ಮಬ್ರೂಕ್ ನಿಂತಿದ್ದ. ಗಡ್ಡ ಇನ್ನಷ್ಟು ನರೆತಿತ್ತು, ಮೈ ಬಿಸಿಲಿಗೆ ಕಪ್ಪಾಗಿತ್ತು. ಆಫ್ರಿಕಾದ ಕಡೆಯ ಬಂದರುಗಳಲ್ಲಿ ಇದ್ದು ಬಂದೆ, ಇನ್ನು ಹಡಗು ಸಾಕು, ಕಾರ್ಮಿನ್ ಬಾಯಿಗೆ ಒಬ್ಬ ಸಹಾಯದವ ಬೇಕಂತೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ನಾನು ನೀರಿನ ಕೊಡ ಕೆಳಗಿಟ್ಟು ಗೇಟು ತೆರೆದೆ.

ಅವನು ಒಳಗೆ ಬಂದು, ನನ್ನ ಬದನೆ ಸಾಲನ್ನು ಕಂಡು, ಮುಖ ಅರಳಿಸಿ, ಎರಡೂ ಕೈ ಎತ್ತಿದ. "ಅಲ್ಲಿ ಇದಕ್ಕೆ ಏನು ಹೇಳ್ತಾರೆ ಗೊತ್ತುಂಟಾ ಗುಲಾಬಿ? ಬಿರಿಂಗಾನ್ಯಾ!"

ನಾನು ಓಡಿ ಹೋಗಿ ಅವನ ಬಾಯಿಗೆ ಕೈ ಅಡ್ಡ ಹಿಡಿದೆ. ತಡವಾಗಿತ್ತು. ಅವನ ಭುಜದ ಮೇಲಿಂದ ನೋಡಿದರೆ, ಇಡೀ ಸಾಲು ಆಗಲೇ ನಮ್ಮ ಕಡೆ ತಿರುಗಿ ನಿಂತಿತ್ತು.